ತಾರಸಿಯಿಂದ ಕಂಡ ಸಾರಸ್

ಮಾನ್ಯರೇ,

ಬೆಂಗಳೂರಿನ ಮುರುಗೇಶಪಾಳ್ಯದಲ್ಲಿ ನಮ್ಮ ಮನೆ. ಹೆಚ್‌ಎಎಲ್ ವಿಮಾನ ನಿಲ್ದಾಣ ಹತ್ತಿರದಲ್ಲೇ ಇದೆ. 2004ರ ಮೇ 29, ಮಕ್ಕಳಿಗೆ ಬೇಸಿಗೆ ರಜೆ. ತಾರಸಿಯಲ್ಲಿ ಸಂಡಿಗೆ ಇಡುತ್ತಿದ್ದೆ. ಪುಟ್ಟ ವಿಮಾನವೊಂದು ಮೇಲೆದ್ದಿತು. ‘ಅಮ್ಮಾ, ಇದರ ಫ್ಯಾನ್ ಹಿಂದುಗಡೆ ಇದೆ!’ ಎಂದು ಮಗ ಕೂಗಿದ. ನಿಜ, ಎರಡೂ ಎಂಜಿನ್ ಬಾಲದ ಹತ್ತಿರ, ಪ್ರೊಪೆಲ್ಲರ್ ಹಿಂದಕ್ಕೆ. ಅದು ನಮ್ಮೂರಿನ ಎನ್‌ಎಎಲ್ (ವಿಮಾನಗಳ ಸಂಶೋಧನೆ ನಡೆಸುವ ಸರ್ಕಾರಿ ಪ್ರಯೋಗಾಲಯ) ರೂಪಿಸಿದ 14 ಸೀಟಿನ ಸಾರಸ್, ಅವತ್ತೇ ಅದರ ಮೊದಲ ಹಾರಾಟ ಅಂತ ಮಾರನೇ ದಿನ ಪತ್ರಿಕೆ ನೋಡಿ ತಿಳಿಯಿತು.

2009ರ ಮಾರ್ಚ್ 6ರಂದು ಪರೀಕ್ಷೆಗಾಗಿ ಕಟ್ಟಿದ ಎರಡನೇ ಸಾರಸ್ ಬಿಡದಿ ಹತ್ತಿರ ಬಿತ್ತು. ಹಾರುವಾಗಲೇ ಒಂದು ಎಂಜಿನ್ ಆರಿಸಿ ಮತ್ತೆ ಹೊತ್ತಿಸುವ ಪರೀಕ್ಷೆ ನಡೆದಿತ್ತು. ವಿಂಗ್ ಕಮಾಂಡರ್ ಪ್ರವೀಣ್ ಕೋಟೆಕೊಪ್ಪ, ವಿಂಗ್ ಕಮಾಂಡರ್ ದೀಪೇಶ್ ಷಾ, ಸ್ಕ್ವಾಡ್ರನ್ ಲೀಡರ್ ಇಳಯರಾಜ ತೀರಿಕೊಂಡರು. ಆ ರಾತ್ರಿ ನಮ್ಮನೆಯಲ್ಲಿ ಯಾರಿಗೂ ಊಟ ಸೇರಲಿಲ್ಲ. ಆಮೇಲೆ ಕೆಲಸ ವರ್ಷಗಟ್ಟಲೆ ಕುಂಟಿತು. ತಿದ್ದುಪಡಿ ಮಾಡಿದ ಸಾರಸ್ ಮತ್ತೆ ಹಾರಿದ್ದು 2018ರ ಜನವರಿ 24ರಂದು. ಈಗ ಅದರ ಮುಂದಿನ ಮಾದರಿ, 19 ಸೀಟಿನ ಸಾರಸ್ ಎಂಕೆ-2 ಮಾಡುತ್ತಿದ್ದಾರೆ.

ಪ್ರೊಪೆಲ್ಲರ್ ವಿಮಾನ ಅಂದ್ರೆ ಹಳೇ ಕಾಲದ್ದು ಅಂದುಕೊಳ್ಳುವವರೇ ಜಾಸ್ತಿ. ಹಾಗಲ್ಲ. ಜೆಟ್‌ನಲ್ಲಿರುವಂಥ ಟರ್ಬೈನೇ (ಬಿಸಿ ಅನಿಲದ ರಭಸಕ್ಕೆ ತಿರುಗುವ ಚಕ್ರ) ಇದರಲ್ಲೂ ಪ್ರೊಪೆಲ್ಲರನ್ನು ತಿರುಗಿಸುತ್ತದೆ. ಹತ್ತಿರದ ಊರುಗಳಿಗೆ ಹೋಗಲು ಇಂಧನ ಕಡಿಮೆ ಸಾಕು, ರನ್‌ವೇ ಚಿಕ್ಕದಾದರೂ ನಡೆಯುತ್ತದೆ. ಮೈಸೂರಿನ 1,740 ಮೀಟರ್ ರನ್‌ವೇಯಲ್ಲಿ ವಿಮಾನಸೇವೆ ನಡೆದಿದ್ದು ಇಂಥದ್ದೇ ಪ್ರೊಪೆಲ್ಲರ್ ವಿಮಾನ, ಸುಮಾರು 70 ಸೀಟಿನ ಎಟಿಆರ್-72ರಿಂದ ಅಲ್ವಾ?

ನನ್ನ ತಂಗಿ ಇರುವುದು ಬೀದರ್‌ನಲ್ಲಿ. 2020ರ ಫೆಬ್ರುವರಿಯಲ್ಲಿ ಅಲ್ಲಿಂದ ಬೆಂಗಳೂರಿಗೆ ಎಟಿಆರ್ ಶುರುವಾದಾಗ ಅವಳ ಖುಷಿ ಹೇಳತೀರದು. ಬೆಳಗ್ಗೆ ಹೊರಟರೆ ಮಧ್ಯಾಹ್ನದ ಊಟಕ್ಕೆ ನಮ್ಮನೆ! ನಡುವೆ ಆ ಸೇವೆ ನಿಂತುಹೋಯಿತು. ಮಂಡಿ ನೋವಿಟ್ಟುಕೊಂಡು ಮತ್ತೆ ರಾತ್ರಿಯಿಡೀ ರೈಲಿನಲ್ಲಿ ಬಂದಳು. ಅಂಥ ಊರಲ್ಲಿ ದಿನಾ 70 ಸೀಟು ತುಂಬಿಸುವುದು ಕಷ್ಟ. 19 ತುಂಬುತ್ತವೆ.

ಕೇಂದ್ರ ಸರ್ಕಾರ ಈ ಸಲವಾದರೂ ಕೆಲಸ ನಡುವೆ ನಿಲ್ಲದಂತೆ ಹಣ ಕೊಡಲಿ. ವಿಮಾನ ಎಲ್ಲಿಯವರೆಗೆ ಬಂತು ಅಂತ ಎನ್‌ಎಎಲ್ ಆರು ತಿಂಗಳಿಗೊಮ್ಮೆ ಜನರಿಗೆ ತಿಳಿಸಲಿ. ಪರೀಕ್ಷೆಗೆ ಅವಸರ ಬೇಡ, ಬೇಕಾದಷ್ಟು ಸಮಯ ತೆಗೆದುಕೊಳ್ಳಲಿ. ಬೀದರ್, ಬಳ್ಳಾರಿ ಕಡೆಯ ಊರುಗಳಿಗೆ ಇದನ್ನು ಓಡಿಸುವ ಬಗ್ಗೆ ರಾಜ್ಯ ಸರ್ಕಾರ ಈಗಲೇ ಮಾತಾಡಲಿ.

– ನಿವೃತ್ತ ಶಿಕ್ಷಕಿ, ಮುರುಗೇಶಪಾಳ್ಯ, ಬೆಂಗಳೂರು