ಸಹಿ ಹಾಕೋ ಮುಂಚೆ ಓದಿ ಹೇಳೋರು ಬೇಕು: ಕೊಪ್ಪಳದ ಶಾಸಕರಿಗೆ ಬಹಿರಂಗ ಪತ್ರ

ಮಾನ್ಯ ಶಾಸಕರೇ, ನಮಸ್ಕಾರ.

2024ರ ಆಗಸ್ಟ್ 10ರ ರಾತ್ರಿ ತುಂಗಭದ್ರಾ ಡ್ಯಾಮಿನ 19ನೇ ಗೇಟು ಕಿತ್ತುಕೊಂಡು ಹೋಯಿತಲ್ಲ, ಆ ವಾರ ನಮ್ಮ ಕಡೆ ರೈತರಿಗೆ ನಿದ್ದೆ ಇರಲಿಲ್ಲ. ನನ್ನದೂ ಎರಡು ಎಕರೆ ಭತ್ತ. ರಾತ್ರಿ ಕಟ್ಟೆ ಮೇಲೆ ಕೂತು ಆ ಗೇಟಿನ ಮೇಲೆ ಒಂದು ಪದ ಕಟ್ಟಿದೆ. ಧಾಟಿ ನಮ್ಮೂರಲ್ಲಿ ಮೊಹರಂಗೆ ಹಾಡೋ ಅಲಾಯಿ ಪದದ್ದು, ಮಾತು ನನ್ನವು.

ಪದ ಊರೂರಿಗೆ ಹಬ್ಬಿತು. ಒಂದು ಸ್ಟುಡಿಯೋದವರು ಕರೆಸಿ ರೆಕಾರ್ಡ್ ಮಾಡಿಸಿದರು. ಮೂರು ಸಾವಿರ ರೂಪಾಯಿ ಕೈಗೆ ಕೊಟ್ಟು, ನಾಲ್ಕು ಹಾಳೆಯ ಇಂಗ್ಲಿಷ್ ಕಾಗದ ಮುಂದಿಟ್ಟರು. "ಏನಿಲ್ಲ ಕಾಕಾ, ಸುಮ್ನೆ ಒಂದು ಸಹಿ" ಅಂದರು. ಪ್ರತಿ ಹಾಳೆಯ ಕೆಳಗೆ ಪೆನ್ಸಿಲಿನಲ್ಲಿ ಗುರುತು ಹಾಕಿದ್ದರು. ಗುರುತು ಇದ್ದಲ್ಲೆಲ್ಲ ಸಹಿ ಹಾಕಿದೆ. ಚಹಾ ಕುಡಿಸಿ ಕಳಿಸಿದರು.

ಆಮೇಲೊಂದು ದಿನ ಅದೇ ಪದವನ್ನು ಮನೆಯಲ್ಲಿ ಹಾಡಿ, ಮಗನ ಕೈಯಲ್ಲಿ ನೆಟ್ಟಿಗೆ ಹಾಕಿಸಿದೆ. ಎರಡೇ ದಿನಕ್ಕೆ ಮೊಬೈಲಿಗೆ ನೋಟಿಸ್ ಬಂತು. ಈ ಹಾಡಿನ ಹಕ್ಕು ಬೇರೆಯವರದಂತೆ!

ಆಗ ಆ ಕಾಗದ ಹುಡುಕಿ ಓದಿಸಿದೆ. ನನ್ನ ಪದದ ಎಲ್ಲ ಹಕ್ಕನ್ನೂ "ಜಗತ್ತಿನಾದ್ಯಂತ, ಶಾಶ್ವತವಾಗಿ" ಕೊಟ್ಟಿದ್ದೇನೆ. ಪರಿಚಯದ ವಕೀಲರೊಬ್ಬರು ಬಿಡಿಸಿ ಹೇಳಿದರು. 1957ರ ಕಾಪಿರೈಟ್ ಕಾಯ್ದೆ ಪ್ರಕಾರ ಕರಾರಿನಲ್ಲಿ ಅವಧಿ ಬರೆಯದಿದ್ದರೆ ಹಕ್ಕು ಹೋಗೋದು 5 ವರ್ಷಕ್ಕೆ ಮಾತ್ರ. ಎಲ್ಲೆಲ್ಲಿ ಅಂತ ಬರೆಯದಿದ್ದರೆ ಭಾರತದೊಳಗೆ ಮಾತ್ರ. ಅಂದರೆ ಆ ಎರಡು ಮಾತನ್ನು ಕಾನೂನು ಬಲ್ಲವರೇ ಲೆಕ್ಕ ಹಾಕಿ ಸೇರಿಸಿದ್ದಾರೆ.

ಹೊಟ್ಟೆ ಉರಿದದ್ದು ಅದಕ್ಕಲ್ಲ. 2012ರಲ್ಲಿ ಈ ಕಾಯ್ದೆಗೆ ತಿದ್ದುಪಡಿ ಬಂದಿದೆ. ಹಾಡನ್ನು ರೆಕಾರ್ಡ್ ಮಾಡಲು ಬರೆದುಕೊಟ್ಟರೂ ರಾಯಧನದಲ್ಲಿ, ಅಂದರೆ ಹಾಡು ಬಳಸಿದಾಗ ಬರೋ ರಾಯಲ್ಟಿಯಲ್ಲಿ, ಬರೆದವನ ಸಮಪಾಲು ಹೋಗೋದಿಲ್ಲ. ಅದನ್ನು ಬಿಟ್ಟುಕೊಟ್ಟೆ ಅಂತ ಸಹಿ ಹಾಕಿದ್ದರೂ ಆ ಸಾಲಿಗೆ ಬೆಲೆ ಇಲ್ಲ. ನನ್ನ ಮೂರನೇ ಹಾಳೆಯಲ್ಲಿ ಇರೋದು ಅದೇ ಸಾಲು. ಬೆಲೆ ಇಲ್ಲ ಅಂತ ಹೇಳಿಸಲು ಮಾತ್ರ ಕೋರ್ಟು ಹತ್ತಬೇಕು. ಮೂರು ಸಾವಿರದ ಹಾಡಿಗೆ ಯಾರು ಹತ್ತುತ್ತಾರೆ ಹೇಳಿ?

ಧಾಟಿ ನನ್ನದು ಅಂತ ನಾನು ಹೇಳೋದಿಲ್ಲ. ಅದು ನಮ್ಮಜ್ಜನ ಕಾಲಕ್ಕೂ ಹಳೆಯದು. ಮೊಹರಂನಲ್ಲಿ ಹೆಜ್ಜೆ ಹಾಕಿದವರೆಲ್ಲರದೂ ಹೌದು. ಹಾಗಂತ ಸ್ಟುಡಿಯೋದವರದೂ ಅಲ್ಲ, ಅಲ್ವಾ? ನಾಳೆ ನಮ್ಮೂರ ಹುಡುಗರು ಅಲಾಯಿ ಪದ ಹಾಡಿ ಹಾಕಿದರೆ ಅವರಿಗೂ ನೋಟಿಸ್ ಬರಬಹುದು ಅನ್ನೋದೇ ನನ್ನ ಭಯ.

ಇನ್ನು ಆನೆಗೊಂದಿ, ಕನಕಗಿರಿ ಉತ್ಸವಗಳ ಮಾತು. ವೇದಿಕೆ ಮುಂದೆ ಸಾಲು ಕ್ಯಾಮೆರಾ ಇರುತ್ತವೆ. ಹಾಡುವವನಿಗೆ ತನ್ನ ಹಾಡಿಕೆಯ ಮೇಲೂ 50 ವರ್ಷದ ಹಕ್ಕು ಇದೆ. ಕಲಾವಿದನಿಗೆ ಕೊಡುವ ಆದೇಶದಲ್ಲೇ ರೆಕಾರ್ಡಿಂಗ್ ಯಾರದು, ಎಲ್ಲಿ ಬಳಸುತ್ತಾರೆ ಅಂತ ಕನ್ನಡದಲ್ಲಿ ಎರಡು ಸಾಲು ಬರೆಸಿ. ಖರ್ಚೇನೂ ಇಲ್ಲ.

ಕಿನ್ನಾಳದ ಗೊಂಬೆಯವರ ಕಥೆಯೂ ಹತ್ತಿರ ಹತ್ತಿರ ಇದೇ. ಊರಿನ ಹೆಸರಿಗೆ ಜಿಐ, ಅಂದರೆ ಆ ಊರಿನ ಮಾಲು ಅಂತ ಹೇಳೋ ಭೌಗೋಳಿಕ ಗುರುತು, ಸಿಕ್ಕಿದೆ. ಆದರೆ ಅದರ ಬಳಕೆದಾರ ಅಂತ ಪ್ರತಿ ಕುಶಲಕರ್ಮಿಯೂ ಬೇರೆ ನೋಂದಣಿ ಮಾಡಿಸಬೇಕು. ಬಣ್ಣ ಹಚ್ಚುವ ಕೈಗೆ ಅರ್ಜಿ ತುಂಬಲು ಕಲಿಸೋರು ಯಾರು?

ನನ್ನ ಬೇಡಿಕೆ ದೊಡ್ಡದಲ್ಲ. ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದ ವಕೀಲರೊಬ್ಬರನ್ನು ವಾರಕ್ಕೊಂದು ದಿನ ಕನ್ನಡ ಮತ್ತು ಸಂಸ್ಕೃತಿ ಇಲಾಖೆ ಕಚೇರಿಯಲ್ಲಿ ಕೂರಿಸಿ. ಸಹಿ ಹಾಕೋ ಮುಂಚೆ ಅವರು ಓದಿ ಹೇಳಲಿ, ಸಾಕು. ಜೊತೆಗೆ ಕನ್ನಡದಲ್ಲಿ ಒಂದು ಮಾದರಿ ಕರಾರು ಮಾಡಿಸಿಡಿ. ಕಾಪಿರೈಟ್ ನೋಂದಣಿ ಕಡ್ಡಾಯ ಅಲ್ಲ, ಬರೆದ ಕೂಡಲೇ ಹಕ್ಕು ಹುಟ್ಟುತ್ತದೆ. ಇದನ್ನೂ ಅವರೇ ಹೇಳಲಿ. ನೋಂದಣಿ ಮಾಡಿಸಿಕೊಡ್ತೀವಿ ಅಂತ ದುಡ್ಡು ಕೇಳೋರು ಜಾಸ್ತಿ ಆಗಿದ್ದಾರೆ.

ಅವಸರಕ್ಕೆ ಕಾರಣ ಇದೆ. ನಮ್ಮ ಓಣಿಯ ಹುಡುಗನೊಬ್ಬ ಚೆನ್ನಾಗಿ ತತ್ವಪದ ಹಾಡುತ್ತಾನೆ, ತಾನೇ ಕಟ್ಟುತ್ತಾನೆ ಕೂಡ. ಅದೇ ಸ್ಟುಡಿಯೋದವರು ಅವನನ್ನು ಮುಂದಿನ ತಿಂಗಳು ಕರೆದಿದ್ದಾರೆ. ಬರುವ ಸೋಮವಾರ ಅವನನ್ನೂ ಕರೆದುಕೊಂಡು ನಿಮ್ಮ ಕಚೇರಿಗೆ ಬರುತ್ತೇನೆ. ನನ್ನ ನಾಲ್ಕು ಹಾಳೆಯ ಜೆರಾಕ್ಸ್ ತರುತ್ತೇನೆ. ಪೆನ್ಸಿಲ್ ಗುರುತು ಇನ್ನೂ ಅಳಿಸಿಲ್ಲ.

ಇಂತಿ,
ನಿಮ್ಮ ಕ್ಷೇತ್ರದ ಒಬ್ಬ ಪದ ಕಟ್ಟುವವ