ಅದು ಯೇಸುವಲ್ಲ, ಮರಿಯಮ್ಮ

ಮಾನ್ಯ ಸಂಪಾದಕರೇ,

ಕಳೆದ ಭಾನುವಾರದ ಪುರವಣಿಯಲ್ಲಿ ಇಟಲಿಯ ಹಳೆಯ ಚಿತ್ರಕಾರ ಪಿಯೆತ್ರೋ ಲೊರೆಂಜೆತ್ತಿಯ ಚಿತ್ರ ಹಾಕಿದ್ದು ನೋಡಿ ತುಂಬಾ ಖುಷಿಯಾಯಿತು. ಆದರೆ ಕೆಳಗೆ 'ಯೇಸುವಿನ ಜನನ' ಎಂದು ಬರೆದಿದ್ದೀರಿ. ಅದು ಯೇಸುವಿನ ತಾಯಿ ಮರಿಯಮ್ಮ ಹುಟ್ಟಿದ ದೃಶ್ಯ. ಮಲಗಿರುವ ಬಾಣಂತಿ ಅವಳ ತಾಯಿ ಅನ್ನಾ. ಈ ಕಥೆ ಬೈಬಲ್‌ನಲ್ಲಿ ಇಲ್ಲವೇ ಇಲ್ಲ, ಅದರ ಹೊರಗೆ ಬೆಳೆದು ಬಂದ ಹಳೆಯ ಕಥೆಗಳಿಂದ ಬಂದದ್ದು.

ಸುಮ್ನೆ ತಪ್ಪು ಹುಡುಕುತ್ತಿಲ್ಲ, ವ್ಯತ್ಯಾಸ ಇರುವುದೇ ಅಲ್ಲಿ. ಯೇಸು ಹುಟ್ಟಿದ್ದು ದನದ ಕೊಟ್ಟಿಗೆಯಲ್ಲಿ, ಹಾಗಾಗಿ ಅಲ್ಲಿ ಹುಲ್ಲು, ಎತ್ತು, ಕತ್ತೆ. ಮರಿಯಮ್ಮ ಹುಟ್ಟಿದ್ದು ಮನೆಯೊಳಗೆ. 1342ರಲ್ಲಿ ಇಟಲಿಯ ಸಿಯೆನಾದ ದೊಡ್ಡ ಚರ್ಚಿಗೆಂದು ಬರೆದ ಈ ಚಿತ್ರದಲ್ಲಿ ಹಾಸಿಗೆಯ ಮೇಲೆ ಚೌಕಳಿ ಹೊದಿಕೆ ಇದೆ, ಕೆಳಗೆ ಹೆಂಗಸರು ಮಗುವಿಗೆ ನೀರು ಹಾಕುತ್ತಿದ್ದಾರೆ, ಇನ್ನಿಬ್ಬರು ಸಾಮಾನು ಹಿಡಿದು ಬರುತ್ತಿದ್ದಾರೆ. ಎಡಗಡೆ ಕೋಣೆಯ ಹೊರಗೆ ಅಪ್ಪ ಯೋವಾಕಿಂ ಕೂತಿದ್ದಾನೆ, ಒಬ್ಬ ಹುಡುಗ ಬಂದು ಸುದ್ದಿ ಹೇಳುತ್ತಿದ್ದಾನೆ, ಮುದುಕ ಮುಂದಕ್ಕೆ ಬಾಗಿ ಕೇಳಿಸಿಕೊಳ್ಳುತ್ತಿದ್ದಾನೆ. ಹೆರಿಗೆ ಕೋಣೆಯ ಹೊರಗೆ ಕಾದು ಕೂತ ಯಾವ ಅಪ್ಪನಿಗಾದರೂ ಆ ಮುಖ ಗೊತ್ತಿರುತ್ತದೆ, ಅಲ್ವಾ? ನನಗಂತೂ ಇಡೀ ಚಿತ್ರದಲ್ಲಿ ಅದೇ ಜಾಸ್ತಿ ಇಷ್ಟ.

ಇನ್ನೊಂದು ಮಾತು. ಈ ಚಿತ್ರ ಇರುವುದು ಮೂರು ಮರದ ಹಲಗೆಗಳ ಮೇಲೆ, ಅವುಗಳ ಚೌಕಟ್ಟಿನ ಕಂಬಗಳೇ ಚಿತ್ರದೊಳಗಿನ ಮನೆಯ ಕಂಬಗಳೂ ಆಗಿವೆ. ಮೂರು ಹಲಗೆಗಳಲ್ಲಿ ಎರಡು ಸೇರಿ ಒಂದೇ ಕೋಣೆ. ನೀವು ಎಡಗಡೆಯ ಹಲಗೆಯನ್ನು ಅರ್ಧ ಕತ್ತರಿಸಿದ್ದರಿಂದ ಯೋವಾಕಿಂನೇ ಕಾಣಿಸುತ್ತಿಲ್ಲ. ದಯವಿಟ್ಟು ಪೂರ್ತಿ ಚಿತ್ರವನ್ನು, ಸರಿಯಾದ ಹೆಸರಿನೊಂದಿಗೆ, ಮತ್ತೊಮ್ಮೆ ಹಾಕಿ.

– ನಿಮ್ಮ ಓದುಗ, ಶಿವಮೊಗ್ಗ