ಮಲಗಿಸಿದ ಮೇಲೂ ಮೈಗೆ ನೋವು ಗೊತ್ತಾಗತ್ತೆ

ಮಾನ್ಯ ಸಂಪಾದಕರೇ,

ನಾನು 14 ವರ್ಷದಿಂದ ಓಟಿಲಿ (ಆಪರೇಷನ್ ಥಿಯೇಟರಲ್ಲಿ) ಅನಸ್ತೇಶಿಯಾ ಟೆಕ್ನಿಷಿಯನ್. ಆಪರೇಷನ್‌ಗೆ ಮುಂಚೆ ಮನೆಯವರೆಲ್ಲ ಕೇಳೋದು ಒಂದೇ, "ಪೂರ್ತಿ ಮಲಗಿಸ್ತೀರಲ್ವಾ, ನೋವೇನೂ ಗೊತ್ತಾಗಲ್ಲ ತಾನೇ?" ಪೇಷೆಂಟಿಗೆ ಗೊತ್ತಾಗಲ್ಲ, ಆದ್ರೆ ಮೈಗೆ ಗೊತ್ತಾಗತ್ತೆ. ಸರ್ಜನ್ ಬ್ಲೇಡ್ ಇಟ್ಟ ತಕ್ಷಣ 72 ಇದ್ದ ಪಲ್ಸ್ 105ಕ್ಕೆ ಹಾರಿದ್ದು, ಕಣ್ಣಿಗೆ ಅಂಟಿಸಿರೋ ಟೇಪಿನ ಅಂಚಲ್ಲಿ ಒಂದು ಹನಿ ನೀರು ಜಿನುಗಿದ್ದು ನಾನೇ ಎಷ್ಟು ಸಲ ನೋಡಿದೀನಿ. ಸ್ನಾಯು ಸಡಿಲ ಮಾಡೋ ಮಸಲ್ ರಿಲಾಕ್ಸೆಂಟ್ ಕೊಟ್ಟಿರೋದ್ರಿಂದ ಕೈಕಾಲು ಆಡ್ಸಿ ತೋರ್ಸೋಕೂ ಆಗಲ್ಲ ಪಾಪ, ಡಾಕ್ಟ್ರು ತಾವೇ ಹಣೆ ಮುಟ್ಟಿ ಬೆವರಿದ್ಯಾ ಅಂತ, ಬಿಪಿ ಎಷ್ಟಿದೆ ಅಂತ ನೋಡಿ, "ನೋವಿನ ಔಷಧಿ ಫೆಂಟನಿಲ್ ಇನ್ನೊಂಚೂರು ಕೊಡಿ" ಅಂತಾರೆ.

ನಿದ್ದೆ ಎಷ್ಟು ಆಳ ಇದೆ ಅಂತ ಹೇಳೋ ಬಿಐಎಸ್ ಮಾನಿಟರ್ ಕೆಲವು ಕಡೆ ಇದೆ, ಅದು 40ರಿಂದ 60ರೊಳಗೆ ಇದ್ರೆ ಸರಿ ಅಂತ ಲೆಕ್ಕ. ಆದ್ರೆ ಅದು ನಿದ್ದೆಯ ಅಳತೆ, ನೋವಿನ ಅಳತೆ ಅಲ್ಲ. ನೋವಿಗೆ ಮೈ ಹೇಗೆ ಸ್ಪಂದಿಸ್ತಿದೆ ಅಂತ ತೋರ್ಸೋಕೆ ಬೇರೆ ಮಾನಿಟರ್‌ಗಳಿವೆ. ಬೆರಳಿನ ಕ್ಲಿಪ್ಪಿಂದಾನೇ ನಾಡಿಯ ಅಲೆ ನೋಡಿ 0ಯಿಂದ 100ರವರೆಗೆ ನಂಬರ್ ಕೊಡೋ ಸರ್ಜಿಕಲ್ ಪ್ಲೆತ್ ಇಂಡೆಕ್ಸ್ ಇದೆ, ಎದೆಬಡಿತದ ಏರಿಳಿತ ಓದೋ ಎಎನ್‌ಐ ಇದೆ. ಇವೂ ತಪ್ಪಬಹುದು, ಎದೆಬಡಿತ ಏರಿಸೋ ಅಟ್ರೊಪಿನ್ ಕೊಟ್ಟಾಗ, ಪೇಸ್‌ಮೇಕರ್ ಇದ್ದಾಗ ನಂಬೋಕಾಗಲ್ಲ, ಆದ್ರೂ ಕಣ್ಣಳತೆಗಿಂತ ಒಂದು ಆಸರೆ. ನೋವಿನ ಔಷಧಿ ಕಮ್ಮಿ ಆದ್ರೆ ಬಿಪಿ ಏರಿ ಹಾರ್ಟ್ ವೀಕ್ ಇರೋರಿಗೆ ಅಪಾಯ, ಜಾಸ್ತಿ ಆದ್ರೆ ಎದ್ದ ಮೇಲೆ ವಾಂತಿ, ಉಸಿರು ನಿಧಾನ ಆಗೋದು. ಜಿಲ್ಲಾ ಆಸ್ಪತ್ರೆಗಳಿಗೆ ಹೊಸ ಯಂತ್ರ ತರ್ಸುವಾಗ ವಯಸ್ಸಾದವರು, ಹಾರ್ಟ್ ಪೇಷೆಂಟುಗಳಿಗಾದ್ರೂ ಆಗೋ ಹಾಗೆ ಇಂಥದ್ದು ಒಂದೆರಡು ಸೇರ್ಸಿ ಅಂತ ಆರೋಗ್ಯ ಇಲಾಖೆಯವರನ್ನ ಕೇಳ್ಕೋತೀನಿ.

ಮನೆಯವರಿಗೂ ಒಂದು ಮಾತು. ಮೊನ್ನೆ ಒಬ್ಬ ಅಜ್ಜಿಗೆ ಹೊಟ್ಟೆ ಕೊಯ್ದಾಗ್ಲೂ ಪಲ್ಸ್ 60 ಬಿಟ್ಟು ಕದಲ್ಲಿಲ್ಲ, ಬಿಪಿ ಮಾತ್ರ ಏರ್ತಾ ಹೋಯ್ತು. ಆಮೇಲೆ ನೋಡಿದ್ರೆ ಅವ್ರು ದಿನಾ ಮೆಟೊಪ್ರೊಲಾಲ್ ತಗೋತಿದ್ರಂತೆ, ಅದು ಎದೆಬಡಿತ ಏರೋಕೆ ಬಿಡಲ್ಲ, ಹಾಗಾಗಿ ನೋವು ಪಲ್ಸಲ್ಲಿ ಕಾಣ್ಸಲಿಲ್ಲ. "ಅದೇನು ಮಹಾ, ಬಿಪಿ ಮಾತ್ರೆ ತಾನೇ" ಅಂತ ಮಗ ಹೇಳಿರ್ಲಿಲ್ಲ. ದಯವಿಟ್ಟು ಮಾತ್ರೆ ಹೆಸರು ನೆನಪಿಲ್ದಿದ್ರೆ ಶೀಟನ್ನೇ ತಂದು ಅನಸ್ತೇಶಿಯಾ ಡಾಕ್ಟ್ರ ಕೈಗೆ ಕೊಡಿ.

ಇಂತಿ,
ಒಬ್ಬ ಓಟಿ ಟೆಕ್ನಿಷಿಯನ್, ಹಾಸನ ಜಿಲ್ಲೆ